ಗಣಕ ಸಮೂಹಗಳ ನವೀಕರಣ: ಏಕೆ ಮತ್ತು ಹೇಗೆ?

ಡಾ. ವಿಕ್ರಂ ಸಾರಾಭಾಯಿ ಅವರು 1947ರಲ್ಲಿ ಅಹಮದಾಬಾದ್ ನಗರದಲ್ಲಿ ಭೌತ ಸಂಶೋಧನಾ ಪ್ರಯೋಗಾಲಯವನ್ನು ಸ್ಥಾಪಿಸಿದರು. ಉಡುಪಿಯ ಸಮೀಪದ ಅದಮಾರಿನಲ್ಲಿ ಜನಿಸಿದ ಪ್ರೊ. ಯು. ಆರ್. ರಾವ್ ಅವರು ಸಾರಾಭಾಯಿಯವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿದ್ದು ಇಲ್ಲಿಯೇ. 2015ರಲ್ಲಿ ಈ ಪ್ರಯೋಗಾಲಯದಲ್ಲಿ ‘ವಿಕ್ರಂ-100’ ಎಂಬ ಗಣಕ ವ್ಯವಸ್ಥೆ ಸ್ಥಾಪಿತವಾಯಿತು. 2022ರ ಮೇ 30ರಂದು ಗಾಂಧಿನಗರದ ಐ.ಐ.ಟಿ.ಯಲ್ಲಿ ‘ಪರಮ್ ಅನಂತ’ ರಾಷ್ಟ್ರಕ್ಕೆ ಸಮರ್ಪಿತವಾಯಿತು. ಇದರ ಸಾಮರ್ಥ್ಯ 838 ಟೆರಾಫ್ಲಾಪ್. ಒಂದು ಟೆರಾಫ್ಲಾಪ್ ಎಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ಗಣನೆ.

ಇಂತಹ ವ್ಯವಸ್ಥೆ ಒಂದೇ ಬೃಹತ್ ಯಂತ್ರವಲ್ಲ. ವೇಗದ ಜಾಲದಿಂದ ಬೆಸೆಯಲ್ಪಟ್ಟ ಅನೇಕ ಗಣಕಯಂತ್ರಗಳ ಸಮೂಹವಿದು. ಇದನ್ನೇ ‘ಕ್ಲಸ್ಟರ್’ ಎನ್ನುತ್ತಾರೆ. ಸಮೂಹಗಳಲ್ಲಿ ಮುಖ್ಯವಾಗಿ ಎರಡು ಬಗೆ. ಕೆಲವು, ಮೇಲೆ ಹೇಳಿದಂತೆ, ದೊಡ್ಡ ಲೆಕ್ಕವನ್ನು ಹಂಚಿಕೊಂಡು ಮಾಡುತ್ತವೆ. ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಕಚೇರಿಗಳಲ್ಲಿ ಬಳಸುವ ಇನ್ನೊಂದು ಬಗೆಯಲ್ಲಿ, ಒಂದು ಯಂತ್ರ ಕೆಟ್ಟರೆ ಮತ್ತೊಂದು ಆ ಕೆಲಸವನ್ನು ವಹಿಸಿಕೊಳ್ಳುತ್ತದೆ. ಈ ಲೇಖನದ ವಿಷಯ ಎರಡನೆಯದು.

ಬದಲಾವಣೆ ಏಕೆ ಅನಿವಾರ್ಯ?

ಇಂತಹ ಅನೇಕ ಸಮೂಹಗಳು 1991ರಲ್ಲಿ ಆರಂಭವಾದ ಲಿನಕ್ಸ್ ತಂತ್ರಾಂಶದಿಂದ ನಡೆಯುತ್ತವೆ. ಲಿನಕ್ಸಿನ ಪ್ರತಿಯೊಂದು ಆವೃತ್ತಿಗೂ ಆಯುಸ್ಸುಂಟು. 2014ರಲ್ಲಿ ಹೊರಬಂದು ವ್ಯಾಪಕವಾಗಿ ಬಳಕೆಯಾದ ‘ಸೆಂಟ್‌ಓಎಸ್ 7’ ಆವೃತ್ತಿಗೆ ನೀಡುತ್ತಿದ್ದ ನೆರವು 2024ರ ಜೂನ್ 30ರಂದು ಕೊನೆಗೊಂಡಿತು. ನೆರವು ನಿಂತೊಡನೆ ಯಂತ್ರ ನಿಲ್ಲುವುದಿಲ್ಲ. ಅದು ಎಂದಿನಂತೆ ಓಡುತ್ತದೆ. ಆದರೆ ಆನಂತರ ಪತ್ತೆಯಾದ ಲೋಪಗಳಿಗೆ ತೇಪೆ ಹಾಕುವವರಿರುವುದಿಲ್ಲ. ಬೀಗ ಕೆಟ್ಟ ಬಾಗಿಲಿನ ಹಿಂದೆ ನಾಗರಿಕರ ದಾಖಲೆಗಳನ್ನು ಇಟ್ಟಂತಾಗುತ್ತದೆ.

ತೊಡಕು ಎಲ್ಲಿದೆ?

ಒಂದೇ ಆವೃತ್ತಿಯೊಳಗಿನ ಸಣ್ಣ ಸುಧಾರಣೆಗಳು ಸುಲಭ. ಯಂತ್ರಗಳನ್ನು ಒಂದೊಂದಾಗಿ ಸೇವೆಯಿಂದ ಬಿಡಿಸಿ, ಸರಿಪಡಿಸಿ, ಮರಳಿ ಸೇರಿಸಿದರೆ ಸಾಕು. ಆದರೆ ಪ್ರಧಾನ ಆವೃತ್ತಿ ಬದಲಾಗುವಾಗ ಈ ಕ್ರಮ ಸಾಮಾನ್ಯವಾಗಿ ನಡೆಯದು.

ಇದನ್ನು ರೈಲಿನ ಉದಾಹರಣೆಯಿಂದ ತಿಳಿಯಬಹುದು. ಹಿಂದೆ ಮುಂಬಯಿಯಿಂದ ಸೂರತ್, ವಡೋದರಾ ಮಾರ್ಗವಾಗಿ ಬಂದ ಬ್ರಾಡ್ ಗೇಜ್ ಗಾಡಿ ಅಹಮದಾಬಾದಿನಲ್ಲಿ ನಿಲ್ಲುತ್ತಿತ್ತು. ಅಜ್ಮೇರ್ ಮಾರ್ಗವಾಗಿ ದೆಹಲಿಗೆ ಹೋಗುವವರು ಅಲ್ಲಿ ಇಳಿದು ಮೀಟರ್ ಗೇಜ್ ಗಾಡಿ ಹತ್ತಬೇಕಿತ್ತು. 1990ರ ದಶಕದಲ್ಲಿ ಗೇಜ್ ಪರಿವರ್ತನೆಯಾದ ಮೇಲೆಯೇ ಈ ತೊಂದರೆ ನೀಗಿತು. ಸಮೂಹದ ಯಂತ್ರಗಳು ಪರಸ್ಪರ ಸಂಕೇತ ಕಳುಹಿಸಿ ಕ್ಷೇಮ ವಿಚಾರಿಸುವ ‘ಕೋರೋಸಿಂಕ್’ ತಂತ್ರಾಂಶದ್ದೂ ಇದೇ ಕಥೆ. ರೆಡ್ ಹ್ಯಾಟ್ 7ರಲ್ಲಿ ಅದರ ಎರಡನೆಯ ಆವೃತ್ತಿ, 8ರಲ್ಲಿ ಮೂರನೆಯದು. ಇವೆರಡೂ ಒಂದೇ ಸಮೂಹದಲ್ಲಿ ಕೂಡಿ ಬಾಳಲಾರವು.

ದೊಡ್ಡ ಅಪಾಯ ಇನ್ನೊಂದಿದೆ. ಸಂಪರ್ಕ ಕಡಿದಾಗ ಪ್ರತಿ ಯಂತ್ರವೂ ‘ಉಳಿದವನು ನಾನೊಬ್ಬನೇ’ ಎಂದು ಭಾವಿಸಿ, ಒಂದೇ ದಾಖಲೆಯ ಮೇಲೆ ಬೇರೆ ಬೇರೆಯಾಗಿ ಬರೆಯತೊಡಗಬಹುದು. ಒಂದೇ ಖಾತೆ ಪುಸ್ತಕದಲ್ಲಿ ಇಬ್ಬರು ಗುಮಾಸ್ತರು ಪರಸ್ಪರ ಅರಿಯದೆ ಬರೆದಂತೆ ದಾಖಲೆ ಕೆಡುತ್ತದೆ. ಇದನ್ನು ತಡೆಯಲು ಎರಡು ಉಪಾಯಗಳಿವೆ. ಮೊದಲನೆಯದು ಬಹುಮತ: ಐದು ಯಂತ್ರಗಳಲ್ಲಿ ಕನಿಷ್ಠ ಮೂರು ಒಟ್ಟಿಗಿದ್ದರೆ ಮಾತ್ರ ಕೆಲಸ. ಎರಡನೆಯದು, ಸಂಶಯಾಸ್ಪದ ಯಂತ್ರದ ವಿದ್ಯುತ್ತನ್ನೇ ಕಡಿದು ಅದನ್ನು ಬೇಲಿಯ ಹೊರಗಿಡುವುದು.

ಅನುಸರಿಸಬೇಕಾದ ಕ್ರಮ

ಮೊದಲು ದಾಖಲೆಗಳ ಪ್ರತಿ ತೆಗೆದು, ಅದರಿಂದ ದಾಖಲೆಗಳನ್ನು ಮರಳಿ ಪಡೆಯಬಹುದೆಂದು ಪರೀಕ್ಷಿಸಿ ನೋಡಬೇಕು. ಪರೀಕ್ಷಿಸದ ಪ್ರತಿಯನ್ನು ನಂಬುವಂತಿಲ್ಲ.

ಅನಂತರ ಎರಡು ದಾರಿಗಳಿವೆ. ಸೇವೆಯನ್ನು ಪೂರ್ತಿ ನಿಲ್ಲಿಸಿ, ಎಲ್ಲ ಯಂತ್ರಗಳನ್ನೂ ಒಟ್ಟಿಗೆ ಬದಲಿಸುವುದು ಒಂದು. ಇದರಲ್ಲಿ ವೆಚ್ಚ ಕಡಿಮೆ, ಆದರೆ ಎಡವಿದರೆ ಹಿಂದಿರುಗುವುದು ಕಷ್ಟ. ಹಳೆಯದರ ಪಕ್ಕದಲ್ಲಿ ಹೊಸ ಸಮೂಹವನ್ನು ಕಟ್ಟುವುದು ಇನ್ನೊಂದು. ಹೊಸದರಲ್ಲಿ ಬೇಕೆಂದೇ ಒಂದು ಯಂತ್ರವನ್ನು ಆರಿಸಿ, ಉಳಿದವು ಕೆಲಸ ವಹಿಸಿಕೊಳ್ಳುವವೇ ಎಂದು ನೋಡಬೇಕು. ಬೇಲಿಯ ವ್ಯವಸ್ಥೆಯನ್ನೂ ಪರೀಕ್ಷಿಸಬೇಕು. ಬಳಿಕ ನಿಗದಿತ ವೇಳೆಯಲ್ಲಿ ಹಳೆಯದನ್ನು ನಿಲ್ಲಿಸಿ, ಕಡೆಯ ದಾಖಲೆಗಳನ್ನು ಸಾಗಿಸಿ, ಸೇವೆಯನ್ನು ಹೊಸದಕ್ಕೆ ತಿರುಗಿಸಬೇಕು. ಎರಡೂ ಏಕಕಾಲದಲ್ಲಿ ಒಂದೇ ದಾಖಲೆಯನ್ನು ಮುಟ್ಟಕೂಡದು. ಹೊಸದು ಸ್ಥಿರಗೊಳ್ಳುವವರೆಗೆ ಹಳೆಯದನ್ನು ಅಳಿಸದೆ ಕಾದಿರಿಸಬೇಕು.

‘ನಿರ್ವಹಣೆಗಾಗಿ ರಾತ್ರಿ ಸೇವೆ ಲಭ್ಯವಿಲ್ಲ’ ಎಂಬ ಪ್ರಕಟಣೆಯನ್ನು ಕಂಡಾಗ ನಮಗೆ ಬೇಸರವಾಗುವುದು ಸಹಜ. ಆದರೆ ಮೊದಲೇ ತಿಳಿಸಿ ಕೆಲವು ಗಂಟೆ ನಿಲ್ಲಿಸಿದ ಸೇವೆ, ಅನಿರೀಕ್ಷಿತವಾಗಿ ಕುಸಿದು ದಾಖಲೆಗಳನ್ನೇ ಕಳೆದುಕೊಳ್ಳುವ ಸೇವೆಗಿಂತ ಎಷ್ಟೋ ಮೇಲು. ಸಾರ್ವಜನಿಕರ ತಾಳ್ಮೆ ಮತ್ತು ತಂತ್ರಜ್ಞರ ಮುಂದಾಲೋಚನೆ ಎರಡೂ ಕೂಡಿದಾಗಲೇ ಇಂತಹ ಬದಲಾವಣೆ ಸುಗಮವಾಗುತ್ತದೆ.