ಮನಸ್ಸಿನ ಗಾಯಕ್ಕೆ ಯಾರ ಸಹಿ?

ಗಂಡ ಹೊಡೆದು ಕೈ ಮುರಿದರೆ ಅದನ್ನು ಬರೆದುಕೊಳ್ಳಲು ಆಸ್ಪತ್ರೆಯಲ್ಲಿ ರಿಜಿಸ್ಟರ್ ಇದೆ, ಎಕ್ಸ್-ರೇ ಇದೆ, ವೈದ್ಯರ ಸಹಿ ಇದೆ. ವರ್ಷಗಟ್ಟಲೆ ಹೆದರಿಸಿ, ಹಂಗಿಸಿ, ಮನೆಯಲ್ಲಿ ಕೂಡಿಹಾಕಿದರೆ ಆಗುವ ಗಾಯವನ್ನು ಬರೆದುಕೊಳ್ಳುವವರು ಯಾರು? ಈ ಪ್ರಶ್ನೆಯನ್ನು ಕಾನೂನು ಗಂಭೀರವಾಗಿ ಎದುರಿಸಿದ್ದು ತೀರಾ ಈಚೆಗೆ. ಅದರಲ್ಲೂ ನಿಚ್ಚಳವಾಗಿ ಎದುರಿಸಿದ್ದು ಅಮೆರಿಕದ ವಲಸೆ ಕಚೇರಿಗಳಲ್ಲಿ. ಆ ಕಥೆಗೂ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಗೂ ಏನು ನಂಟು ಎಂದು ಕೇಳಬಹುದು. ನಂಟಿದೆ. ಅಮೆರಿಕದವರು ಎಡವಿದ ಜಾಗ ಯಾವುದೆಂದು ಇತಿಹಾಸ ಹೇಳುತ್ತದೆ, ಎಡವದೆ ನಡೆಯುವ ದಾರಿಯ ಒಂದು ತುಂಡನ್ನು ಹಾಕಿದ್ದು ಇದೇ ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳು.

1986ರಲ್ಲಿ ಅಮೆರಿಕ ನಕಲಿ ಮದುವೆಗಳನ್ನು ತಡೆಯಲೆಂದು ಕಾನೂನು ಮಾಡಿತು. ಹೊಸದಾಗಿ ಮದುವೆಯಾಗಿ ಬಂದ ವಿದೇಶಿ ಹೆಂಡತಿಗೆ ಮೊದಲು ಎರಡು ವರ್ಷದ ಷರತ್ತಿನ ವಾಸ. ಆಮೇಲೆ ಗಂಡಹೆಂಡತಿ ಇಬ್ಬರೂ ಕೂಡಿ ಅರ್ಜಿ ಹಾಕಿದರಷ್ಟೇ ಅದು ಕಾಯಂ. ಹೆಂಡತಿಯ ನೆಲೆಯ ಕೀಲಿಕೈಯನ್ನೇ ಗಂಡನ ಜೇಬಿಗೆ ಹಾಕಿಕೊಟ್ಟ ಹಾಗಾಯಿತು. ಇದರ ಫಲ ಏನೆಂದು ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ. 1990ರಲ್ಲಿ ಸಂಸತ್ತು ಒಂದು ವಿನಾಯಿತಿ ಕೊಟ್ಟು, ಹೊಡೆತಕ್ಕೆ ಅಥವಾ ಅತಿ ಕ್ರೌರ್ಯಕ್ಕೆ ಒಳಗಾದವಳು ಗಂಡನ ಸಹಿಯಿಲ್ಲದೆಯೇ ಅರ್ಜಿ ಹಾಕಬಹುದು ಎಂದಿತು. ಆದರೆ 1991ರಲ್ಲಿ ವಲಸೆ ಇಲಾಖೆ ನಿಯಮ ಬರೆಯುವಾಗ, ಮಾನಸಿಕ ಕ್ರೌರ್ಯ ಎನ್ನುವವಳು ಪರವಾನಗಿ ಪಡೆದ ಮನೋತಜ್ಞರ ಅಥವಾ ಸಮಾಜಕಾರ್ಯಕರ್ತರ ಮೌಲ್ಯಮಾಪನ ವರದಿ ತರಲೇಬೇಕು ಎಂದು ಸೇರಿಸಿತು. ಗಂಡನ ಸಹಿ ಹೋಯಿತು, ಆ ಜಾಗಕ್ಕೆ ತಜ್ಞರ ಸಹಿ ಬಂತು. ಕೈಯಲ್ಲಿ ಕಾಸಿಲ್ಲದ, ಇಂಗ್ಲಿಷ್ ಬಾರದ, ಗಂಡನ ವಿಮೆಯ ಮೇಲೆಯೇ ಅವಲಂಬಿತಳಾದ ಹೆಂಗಸಿಗೆ ಎರಡೂ ಒಂದೇ ಎತ್ತರದ ಗೋಡೆ. 1994ರ ಮಹಿಳಾ ದೌರ್ಜನ್ಯ ತಡೆ ಕಾಯ್ದೆ ಇದನ್ನು ಕಿತ್ತುಹಾಕಿ, ನಂಬಲರ್ಹವಾದ ಯಾವುದೇ ಸಾಕ್ಷ್ಯವನ್ನು ಪರಿಗಣಿಸಬೇಕು ಎಂದಿತು. ಮನೋತಜ್ಞರ ವರದಿ ಅಲ್ಲಿಗೆ ಮಾಯವಾಗಲಿಲ್ಲ. ವಕೀಲರು ಇಂದಿಗೂ ಅದನ್ನು ಲಗತ್ತಿಸುತ್ತಾರೆ. ಇಷ್ಟು ದಿನ ಏಕೆ ಬಾಯಿಬಿಡಲಿಲ್ಲ, ದಿನಾಂಕ ಏಕೆ ನೆನಪಿಲ್ಲ, ಬಿಟ್ಟುಹೋದವಳು ಮತ್ತೆ ಏಕೆ ಮರಳಿದಳು ಎಂಬ ಅಧಿಕಾರಿಯ ಅನುಮಾನಗಳಿಗೆ ಅದು ಉತ್ತರ ಕೊಡುತ್ತದೆ. ಅಷ್ಟಾದರೂ ಅದೀಗ ಊರುಗೋಲು, ಬಾಗಿಲಲ್ಲ.

ಕನ್ನಡದ ಮನೆಗಳಿಗೂ ಈ ಕಥೆ ತೀರ ದೂರದ್ದಲ್ಲ. ಎಚ್-1ಬಿ ವೀಸಾದ ಗಂಡನ ಹಿಂದೆ ಎಚ್-4 ವೀಸಾದಲ್ಲಿ ಹೋದವಳಿಗೆ 1994ರ ಕಾಯ್ದೆಯಂತೆ ಗಂಡನ ನೆರವಿಲ್ಲದೆ ಕಾಯಂ ವಾಸಕ್ಕೆ ತಾನೇ ಅರ್ಜಿ ಹಾಕುವ ಹಕ್ಕಿಲ್ಲ, ಅದು ಪೌರರ ಮತ್ತು ಕಾಯಂ ನಿವಾಸಿಗಳ ಹೆಂಡಂದಿರಿಗೆ ಮಾತ್ರ. ದೌರ್ಜನ್ಯಕ್ಕೊಳಗಾದ ಎಚ್-4 ಹೆಂಡತಿಗೆ ಕೆಲಸದ ಪರವಾನಗಿ ಕೊಡಬಹುದೆಂದು ಕಾನೂನಾದದ್ದು 2005ರ ತಿದ್ದುಪಡಿಯಲ್ಲಿ. ಆ ಅರ್ಜಿಗಳನ್ನು ಇಲಾಖೆ ಸ್ವೀಕರಿಸಲು ತೊಡಗಿದ್ದು 2017ರಲ್ಲಿ! ಈ ನಡುವೆ ಹೆಂಗಸರ ಕೈಹಿಡಿದದ್ದು ನ್ಯೂಜೆರ್ಸಿಯ ಮಾನವಿ, ನ್ಯೂಯಾರ್ಕಿನ ಸಖಿ, ಕ್ಯಾಲಿಫೋರ್ನಿಯಾದ ನಾರಿಕಾದಂಥ ದಕ್ಷಿಣ ಏಷ್ಯಾ ಮಹಿಳೆಯರ ಸಂಸ್ಥೆಗಳು.

ಮಾನವಿ ಶುರುವಾದದ್ದು 1985ರಲ್ಲಿ. ಅದೇ ವರ್ಷ, ಒಂದಕ್ಕೊಂದು ಸಂಬಂಧವೇ ಇಲ್ಲದಂತೆ, ಬಳ್ಳಾರಿ ಜಿಲ್ಲೆಯಲ್ಲಿ ಇನ್ನೊಂದು ಕೆಲಸ ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಎಪ್ಪತ್ತರ ದಶಕದಿಂದ ಸಕಲವಾರದ ಗ್ರಾಮೀಣ ಕೇಂದ್ರದಲ್ಲಿ ಒಂದು ಪ್ರಯೋಗ ನಡೆಸುತ್ತಿತ್ತು. ಮನೋವೈದ್ಯರೇ ಇಲ್ಲದ ಹಳ್ಳಿಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರೆ ಅವರು ಮನೋರೋಗವನ್ನು ಗುರುತಿಸಬಲ್ಲರೇ ಎಂಬುದು ಪ್ರಶ್ನೆ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಾಗ ಇದನ್ನು ಇಡೀ ಜಿಲ್ಲೆಯ ಮಟ್ಟದಲ್ಲಿ ನಡೆಸಿ ತೋರಿಸುವುದು ಬಾಕಿ ಇತ್ತು. ಅದಕ್ಕೆ ಆಯ್ಕೆಯಾದದ್ದು ಬಳ್ಳಾರಿ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಆಗ ಆ ಜಿಲ್ಲೆಯ ತಾಲ್ಲೂಕುಗಳು, ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿನೊಳಗಿನ ಊರು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ಉಳಿದ ನಾಲ್ಕರೊಂದಿಗೆ ವಿಜಯನಗರ ಜಿಲ್ಲೆ ಸೇರಿತು. 1985ರಿಂದ 1990ರವರೆಗೆ ನಡೆದ ಆ ಕಾರ್ಯಕ್ರಮದ ಬಂಡವಾಳ ನಾಲ್ಕೇ ಬಗೆಯದು: ಕಿರು ತರಬೇತಿ, ಬೆರಳೆಣಿಕೆಯ ಅಗತ್ಯ ಔಷಧಿ, ಸರಳವಾದ ದಾಖಲೆ ಪುಸ್ತಕ, ತಿಂಗಳಿಗೊಮ್ಮೆ ಪರಿಶೀಲನೆ. ಅದೇ 'ಬಳ್ಳಾರಿ ಮಾದರಿ' ಎಂದು ಹೆಸರಾಗಿ, 1996ರಿಂದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ಅದರ ಗಮನ ಇದ್ದದ್ದು ಚಿತ್ತವಿಕಲತೆ, ಮೂರ್ಛೆರೋಗ, ಬುದ್ಧಿಮಾಂದ್ಯ, ಖಿನ್ನತೆಗಳ ಮೇಲೆ. ಮನೆಯೊಳಗಿನ ಹಿಂಸೆ ಅದರ ಪಟ್ಟಿಯಲ್ಲಿ ಇರಲಿಲ್ಲ. ಆದರೂ ಒಂದು ಮಾತನ್ನು ಅದು ಸಾಬೀತುಮಾಡಿತು: ನಿದ್ದೆ ಬರುವುದಿಲ್ಲ, ಎದೆ ಝಲ್ಲೆನ್ನುತ್ತದೆ, ಮೈಯೆಲ್ಲ ಉರಿ ಎಂದು ಬಂದವಳ ಮಾತನ್ನು ಕೇಳಿ, ಗುರುತಿಸಿ, ಪುಸ್ತಕದಲ್ಲಿ ಬರೆದಿಡಲು ಬೆಂಗಳೂರಿನ ತಜ್ಞರೇ ಬರಬೇಕಾಗಿಲ್ಲ.

ಈಗ ನಮ್ಮ ಕಾನೂನಿನ ಕಡೆ ನೋಡೋಣ. 1983ರಲ್ಲಿ ಬಂದ ದಂಡಸಂಹಿತೆಯ 498ಎ ಕಲಮು ದೇಹದ ಜೊತೆ ಮನಸ್ಸಿನ ಆರೋಗ್ಯಕ್ಕಾಗುವ ಹಾನಿಯನ್ನೂ ಕ್ರೌರ್ಯದೊಳಗೆ ಸೇರಿಸಿತ್ತು. ಅದೀಗ ಭಾರತೀಯ ನ್ಯಾಯಸಂಹಿತೆಯ 85 ಮತ್ತು 86ನೇ ಕಲಮುಗಳಲ್ಲಿದೆ. 2006ರ ಅಕ್ಟೋಬರಿನಲ್ಲಿ ಜಾರಿಯಾದ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇನ್ನೂ ಮುಂದೆ ಹೋಗಿ, ಭಾವನಾತ್ಮಕ ದೌರ್ಜನ್ಯವನ್ನು ಹೆಸರಿಸಿಯೇ ಹೇಳಿತು, ಮಾನಸಿಕ ಯಾತನೆಗೆ ಪರಿಹಾರವನ್ನೂ ಇಟ್ಟಿತು. ಆದರೆ ರಕ್ಷಣಾಧಿಕಾರಿಯ ಕರ್ತವ್ಯಗಳನ್ನು ಪಟ್ಟಿಮಾಡುವ 9ನೇ ಕಲಮಿಗೆ ಬಂದಾಗ, ಹೆಂಗಸಿಗೆ 'ದೈಹಿಕ ಗಾಯ'ವಾಗಿದ್ದರೆ ವೈದ್ಯಕೀಯ ಪರೀಕ್ಷೆ ಮಾಡಿಸಿ ವರದಿ ಕಳಿಸಬೇಕು ಎಂದಷ್ಟೇ ಇದೆ. ಗಾಯ ಮನಸ್ಸಿಗೂ ಆಗುತ್ತದೆ ಎಂದು 3ನೇ ಕಲಮಿನಲ್ಲಿ ಒಪ್ಪಿದ ಕಾಯ್ದೆ, ಪರೀಕ್ಷೆಯ ಮಾತು ಬಂದಾಗ ಮೈಯನ್ನು ಮಾತ್ರ ನೋಡುತ್ತದೆ.

ಈ ಕೊರತೆ ಹೆಚ್ಚು ತಟ್ಟುವುದು ಗುಳೆ ಹೋಗುವವರಿಗೆ. ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ, ಹರಪನಹಳ್ಳಿ ಸೀಮೆಯವರು ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಗುಳೆ ಹೋದವಳಿಗೆ ವೀಸಾದ ಭಯವಿಲ್ಲ ನಿಜ. ಆದರೆ ಶೆಡ್ಡಿನಲ್ಲಿ ನಡೆದದ್ದಕ್ಕೆ ನೆರೆಯ ಸಾಕ್ಷಿಯಿಲ್ಲ, ಆ ಊರಿನ ಪೊಲೀಸ್ ಠಾಣೆಯ ಪರಿಚಯವಿಲ್ಲ, ತವರಿಗೆ ಮರಳುವ ಹೊತ್ತಿಗೆ ಬಾವು ಇಳಿದಿರುತ್ತದೆ. ಯಾವ ಊರಿನಲ್ಲಿ ದೂರು ಕೊಡಬೇಕು ಎಂಬ ತೊಡಕನ್ನಂತೂ ಕಾನೂನು ಬಿಡಿಸಿದೆ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 27ನೇ ಕಲಮಿನಂತೆ ಅವಳು ತಾತ್ಕಾಲಿಕವಾಗಿ ಇರುವ ಊರಿನ ನ್ಯಾಯಾಲಯಕ್ಕೂ ಹೋಗಬಹುದು. 2019ರ ಏಪ್ರಿಲಿನಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 498ಎಗೂ ಇದನ್ನು ವಿಸ್ತರಿಸಿತು. ಅದು ಕೊಟ್ಟ ಕಾರಣವೇ ನಮಗಿಲ್ಲಿ ಮುಖ್ಯ: ಗಂಡನ ಮನೆಯ ಕ್ರೌರ್ಯ ಮನಸ್ಸಿನ ಮೇಲೆ ಮಾಡಿದ ಪರಿಣಾಮ ಅವಳು ಆಶ್ರಯ ಪಡೆದ ಊರಿನಲ್ಲೂ ಮುಂದುವರಿಯುತ್ತದೆ, ಆದ್ದರಿಂದ ಅಲ್ಲಿಯೂ ಮೊಕದ್ದಮೆ ನಡೆಯಬಹುದು. ಮನಸ್ಸಿನ ಗಾಯವೇ ನ್ಯಾಯಾಲಯದ ಅಧಿಕಾರವ್ಯಾಪ್ತಿಯನ್ನು ನಿರ್ಧರಿಸುವುದಾದರೆ, ಆ ಗಾಯವನ್ನು ಹರಪನಹಳ್ಳಿಯಲ್ಲೋ ಹಡಗಲಿಯಲ್ಲೋ ಯಾರಾದರೂ ಬರೆದಿಡಬೇಕಲ್ಲ.

ಹಾಗೆ ಬರೆಯುವುದರಿಂದ ಸುಳ್ಳು ಕೇಸುಗಳು ಹೆಚ್ಚುತ್ತವೆ ಎನ್ನುವವರಿದ್ದಾರೆ. ಕೇಸು ಹಾಕುವುದಕ್ಕೆ ತಿಂಗಳುಗಟ್ಟಲೆ ಮೊದಲೇ ಆಯಾ ದಿನಾಂಕದಲ್ಲಿ ಬರೆದ ಆಸ್ಪತ್ರೆಯ ಚೀಟಿ ಸುಳ್ಳಿಗೆ ಒದಗುವುದಕ್ಕಿಂತ ಸುಳ್ಳನ್ನು ಹಿಡಿಯಲು ಒದಗುವುದೇ ಹೆಚ್ಚು ಎಂಬುದು ಅವರಿಗೆ ನನ್ನ ಉತ್ತರ. ಪ್ರಾಥಮಿಕ ಕೇಂದ್ರದ ವೈದ್ಯರು ತಜ್ಞರಲ್ಲ ಎನ್ನುವ ಆಕ್ಷೇಪವೂ ಇದೆ. ಅವರು ಗಂಡ ತಪ್ಪಿತಸ್ಥನೆಂದು ತೀರ್ಪು ಕೊಡಬೇಕಾಗಿಲ್ಲ, ಕಂಡದ್ದನ್ನು ಕೇಳಿದ್ದನ್ನು ಬರೆದರೆ ಸಾಕು. ಇವೆರಡಕ್ಕಿಂತ ತೂಕದ್ದು ಮೂರನೆಯ ಆಕ್ಷೇಪ. ಹೆಂಗಸಿನ ಮನೋಚಿಕಿತ್ಸೆಯ ಕಾಗದ ನಾಳೆ ಅವಳ ವಿರುದ್ಧವೇ ತಿರುಗಬಹುದು. ಮತಿಭ್ರಮಣೆ ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನಕ್ಕೆ ಒಂದು ಕಾರಣ. ಶಾರದಾ ವಿರುದ್ಧ ಧರ್ಮಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2003ರಲ್ಲಿ ಅಂಥ ವೈದ್ಯಕೀಯ ಪರೀಕ್ಷೆಗೆ ಆದೇಶಿಸುವ ಅಧಿಕಾರ ನ್ಯಾಯಾಲಯಕ್ಕಿದೆ ಎಂದಿತು. 'ತಲೆ ಕೆಟ್ಟವಳು' ಎಂಬ ಪಟ್ಟ ಕಟ್ಟಲು ನಮ್ಮ ಊರುಗಳಿಗೆ ತೀರ್ಪೂ ಬೇಕಾಗಿಲ್ಲ. ಈ ಭಯ ನ್ಯಾಯವಾದದ್ದೇ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಮನೋರೋಗವಿದೆ ಎಂದ ಮಾತ್ರಕ್ಕೆ ವ್ಯಕ್ತಿ ಮತಿಭ್ರಮಿತಳಾಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ, ಗೋಪ್ಯತೆಯನ್ನೂ ಹಕ್ಕಾಗಿಸಿದೆ. ವರದಿಯನ್ನು ಕಡ್ಡಾಯ ಮಾಡಬಾರದು ಎಂಬ ನನ್ನ ವಾದಕ್ಕೆ ಈ ಭಯವೇ ಬಲ ಕೊಡುತ್ತದೆ. ಬೇಡವೆನಿಸಿದವಳು ವರದಿಯಿಲ್ಲದೆ ತನ್ನ ಮಾತಿನ ಮೇಲೆಯೇ ನಿಲ್ಲುವಂತಿರಬೇಕು. ನಮ್ಮ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಅವಳ ಅಫಿಡವಿಟ್ ಮೇಲೆಯೇ ತುರ್ತು ಆದೇಶ ಕೊಡುವ ಅವಕಾಶ ಇಟ್ಟಿದೆ. 1991ರ ಅಮೆರಿಕದ ತಪ್ಪನ್ನು ಇಲ್ಲಿ ಹೊಸದಾಗಿ ಮಾಡುವ ಅಗತ್ಯವಿಲ್ಲ.

ವರದಿ ಬೇಕೆನಿಸಿದವಳಿಗೆ ಮಾತ್ರ ಅದು ಹತ್ತಿರದಲ್ಲಿ ಸಿಗಬೇಕು. ಅದಕ್ಕೆ ಹೊಸ ಕಚೇರಿ ಬೇಕಿಲ್ಲ. 2014ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಮನೋಚೈತನ್ಯ ಯೋಜನೆ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರನ್ನು ಕರೆತರುವ ಉದ್ದೇಶದ್ದು. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ತುಂಬುವ ಕೌಟುಂಬಿಕ ಘಟನಾ ವರದಿಯ ನಮೂನೆ 1ರಲ್ಲಿ ಲಗತ್ತುಗಳ ಪಟ್ಟಿಯಲ್ಲಿ ವೈದ್ಯರ ಪ್ರಮಾಣಪತ್ರದ ಜೊತೆಗೆ ಬರೇ ಔಷಧಿ ಚೀಟಿಗೂ ಜಾಗವಿದೆ. ಆ ಚೀಟಿಯಲ್ಲಿ ಗುಳಿಗೆಯ ಹೆಸರಿನ ಜೊತೆಗೆ ದಿನಾಂಕ, ಅವಳದೇ ಮಾತಿನಲ್ಲಿ ದೂರು, ಎಷ್ಟು ದಿನದಿಂದ, ಯಾರ ಭಯ ಎಂಬ ಮೂರ್ನಾಲ್ಕು ಸಾಲು ಸೇರಿದರೆ ಸಾಕು. ಅದನ್ನು ರಾಜಿ ಮಾಡಿಸುವ ಆಪ್ತಸಮಾಲೋಚಕರ ಕಡತದಿಂದ ದೂರವಿಡಬೇಕು. ಚೀಟಿ ಅವಳ ಕೈಯಲ್ಲೇ ಇರಬೇಕೆಂದೂ ಇಲ್ಲ. ಗುಳೆಯ ಗಂಟಿನಲ್ಲಿ ಗಂಡನ ಕಣ್ಣಿಗೆ ಬಿದ್ದರೆ ಅದೇ ಇನ್ನೊಂದು ಹೊಡೆತಕ್ಕೆ ಕಾರಣವಾದೀತು. ಆಸ್ಪತ್ರೆಯ ಪುಸ್ತಕದಲ್ಲಿ ಉಳಿದರೆ, 2017ರ ಕಾಯ್ದೆಯ 25ನೇ ಕಲಮಿನ ಪ್ರಕಾರ ತನ್ನ ದಾಖಲೆಯನ್ನು ಕೇಳಿ ಪಡೆಯುವ ಹಕ್ಕು ಅವಳಿಗಿದೆ. ಮುಂದಿನ ಗುಳೆ ಮುಗಿಸಿ ಬಂದ ಮೇಲೂ ಕೇಳಬಹುದು.