ಅಭಿವೃದ್ಧಿ ಅಧ್ಯಯನದ ನಂತರದ ವೃತ್ತಿಗಳು

ಬಡತನ, ಆರೋಗ್ಯ, ವಲಸೆಗಳಂತಹ ಪ್ರಶ್ನೆಗಳನ್ನು ಗಡಿಗಳಾಚೆ ಪರಿಶೀಲಿಸುವ ಅಂತರರಾಷ್ಟ್ರೀಯ ಅಭಿವೃದ್ಧಿ ಅಧ್ಯಯನವನ್ನು ಮುಗಿಸಿದವರ ಕಣ್ಣು ಮೊದಲು ವಿಶ್ವಸಂಸ್ಥೆಯ ಮೇಲೆ ಬೀಳುವುದು ಸಹಜವಾದರೂ, ಅಲ್ಲಿನ ಕಿರಿಯ ವೃತ್ತಿಪರ ಅಧಿಕಾರಿಗಳ ವೆಚ್ಚವನ್ನು ದಾನಿ ಸರ್ಕಾರಗಳೇ ಭರಿಸುವುದರಿಂದ ಆ ಹುದ್ದೆಗಳು ಬಹುಮಟ್ಟಿಗೆ ಆಯಾ ದೇಶಗಳ ಪ್ರಜೆಗಳಿಗೇ ಸಲ್ಲುತ್ತವೆ. 1970ರಲ್ಲಿ ಸ್ಥಾಪನೆಯಾದ ವಿಶ್ವಸಂಸ್ಥೆಯ ಸ್ವಯಂಸೇವಕ ಯೋಜನೆಯ ಬಾಗಿಲು ಇದಕ್ಕಿಂತ ಅಗಲವಾದುದು. ಹೆಸರು ಸ್ವಯಂಸೇವೆಯದಾದರೂ ಅಲ್ಲಿ ಜೀವನ ನಿರ್ವಹಣೆಗೆ ಭತ್ಯೆ ದೊರೆಯುತ್ತದೆ.

ಅಷ್ಟೇನೂ ಆಕರ್ಷಕವಾಗಿ ಕೇಳಿಸದ, ಆದರೆ ಹೆಚ್ಚು ಗಮನಾರ್ಹವಾದ ದಾರಿಯೆಂದರೆ ‘ಮೇಲ್ವಿಚಾರಣೆ ಮತ್ತು ಮೌಲ್ಯಮಾಪನ’, ಅಂದರೆ ಯೋಜನೆಯೊಂದು ನಿಜಕ್ಕೂ ಫಲ ಕೊಟ್ಟಿತೇ ಎಂದು ಅಳೆಯುವ ಕೆಲಸ. 2003ರಲ್ಲಿ ಅಮೆರಿಕದ ಎಂಐಟಿಯಲ್ಲಿ ಆರಂಭವಾದ ಜೆ-ಪಾಲ್ ಸಂಸ್ಥೆಯು, ಯೋಜನೆ ತಲುಪಬೇಕಾದ ಹಳ್ಳಿಗಳನ್ನು ಚೀಟಿ ಎತ್ತಿದಂತೆ ಆರಿಸಿ, ಉಳಿದವುಗಳೊಡನೆ ಹೋಲಿಸುವ ಯಾದೃಚ್ಛಿಕ ಪ್ರಯೋಗಗಳನ್ನು ವ್ಯಾಪಕಗೊಳಿಸಿದ ಮೇಲೆ, ಸಂಖ್ಯಾಶಾಸ್ತ್ರದ ಜೊತೆಗೆ ಊರಿನವರ ಭಾಷೆಯನ್ನೂ ಬಲ್ಲ ಕ್ಷೇತ್ರ ಸಂಶೋಧಕರು ಇಂತಹ ಅಧ್ಯಯನಗಳಿಗೆ ಅನಿವಾರ್ಯರಾಗಿದ್ದಾರೆ.