ಪೋಕರ್ ಎಂಬ ಎಲೆಯಾಟ

ಸವಣೂರ ಸೀಮೆಯ ಎಲೆಯೆಂದರೆ ತಾಂಬೂಲದ ತಟ್ಟೆಯ ವೀಳ್ಯದೆಲೆಯೆಂದೇ ಹೊರಗಿನವರು ತಿಳಿಯುವರು. ಆದರೆ ದೀಪಾವಳಿಯ ದಿನಗಳಲ್ಲಿ ಈ ಕಡೆಯ ಕಟ್ಟೆಗಳ ಮೇಲೆ ಬೇರೊಂದು ಎಲೆಯೂ ಹರಡುವದುಂಟು. ಅದು ಇಸ್ಪೀಟಿನ ಎಲೆ. ಹತ್ತಿಮತ್ತೂರಿನಂಥ ಊರಲ್ಲಿ ಮೂರೆಲೆಯ ‘ತೀನ್ ಪತ್ತಿ’ಯ ಹೆಸರು ಕೇಳದ ತಾಯಂದಿರು ವಿರಳ. ಅದರ ಸಂಬಂಧಿಯಾದ ‘ಪೋಕರ್’ ಮಾತ್ರ ಮೊಬೈಲಿನ ದಾರಿಯಿಂದ ಮನೆಯೊಳಗೆ ಬಂದ ಹೊಸ ನೆಂಟ. ಬಂದ ನೆಂಟನ ಗುಣವನ್ನರಿಯದೆ ಮಣೆ ಹಾಕುವದು ಜಾಣತನವಲ್ಲ. ಆದುದರಿಂದ ಈ ಆಟದ ರೀತಿಯನ್ನೂ ಅದರಲ್ಲಿ ಹಣವು ಕೈಯಿಂದ ಕೈಗೆ ಹೋಗುವ ಬಗೆಯನ್ನೂ ನಮ್ಮ ವಾಚಕರಿಗೆ ತಿಳಿಸಬಯಸುತ್ತೇವೆ.

ಪೋಕರ್ 19ನೆಯ ಶತಮಾನದ ಮೊದಲ ಭಾಗದಲ್ಲಿ ಅಮೇರಿಕೆಯ ಮಿಸಿಸಿಪ್ಪಿ ನದಿಯ ಹಡಗುಗಳಲ್ಲಿ ಬೆಳೆದ ಆಟ. ಅದಕ್ಕೆ ಬೇಕಾದುದು 52 ಎಲೆಗಳ ಒಂದು ಕಟ್ಟು. ಹಳೆಯ ಸರಳ ರೀತಿಯಲ್ಲಿ ಪ್ರತಿಯೊಬ್ಬನೂ ಮೊದಲು ಒಂದು ಸಣ್ಣ ಮೊತ್ತವನ್ನು ನಡುವೆ ಇಡುವನು. ಐದೈದು ಎಲೆಗಳನ್ನು ಹಂಚಿ, ಒಂದು ಸುತ್ತು ಪಣ ಕಟ್ಟಿದ ತರುವಾಯ, ಬೇಡವಾದ ಎಲೆಗಳನ್ನು ಬದಲಿಸಿಕೊಂಡು ಮತ್ತೊಂದು ಸುತ್ತು ಕಟ್ಟುವರು. ಈಗ ಹೆಚ್ಚಾಗಿ ಆಡುವ ‘ಟೆಕ್ಸಾಸ್ ಹೋಲ್ಡೆಮ್’ ಎಂಬ ರೀತಿಯಲ್ಲಿ ಕೈಯಲ್ಲಿ ಗುಪ್ತವಾಗಿ ಎರಡೇ ಎಲೆಗಳು; ಐದನ್ನು ಎಲ್ಲರಿಗೂ ಕಾಣುವಂತೆ ನಡುವೆ ತೆರೆದು, ಈ ಏಳರಲ್ಲಿ ಉತ್ತಮವಾದ ಐದನ್ನು ಲೆಕ್ಕಕ್ಕೆ ಹಿಡಿಯುವರು.

ಎಲೆಗಳ ಯೋಗ್ಯತೆಯ ಕ್ರಮವು ಕೆಳಗಿನಿಂದ ಮೇಲಕ್ಕೆ ಹೀಗಿದೆ: ಏನೂ ಕೂಡದ ಎಲೆಗಳು, ಒಂದು ಜೋಡಿ, ಎರಡು ಜೋಡಿ, ಒಂದೇ ತರದ ಮೂರು, ಸಾಲಾಗಿ ಐದು, ಒಂದೇ ಜಾತಿಯ ಐದು, ಮೂರರೊಡನೆ ಒಂದು ಜೋಡಿ, ಒಂದೇ ತರದ ನಾಲ್ಕು, ಒಂದೇ ಜಾತಿಯ ಸಾಲು. ಒಂದೇ ಜಾತಿಯ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು ಕೂಡಿದರೆ ಅದಕ್ಕೆ ಮಿಗಿಲಿಲ್ಲ.

ಇನ್ನು ಪಣದ ಮಾತು. ತನ್ನ ಸರದಿ ಬಂದಾಗ ಆಟಗಾರನು ಎದುರಾಳಿ ಕಟ್ಟಿದಷ್ಟೇ ಕಟ್ಟಿ ಸರಿಗಟ್ಟಬಹುದು, ಹೆಚ್ಚು ಕಟ್ಟಿ ಏರಿಸಬಹುದು, ಇಲ್ಲವೆ ಎಲೆ ಕೆಳಗಿಟ್ಟು ಸರಿಯಬಹುದು. ಸರಿದವನು ಅದುವರೆಗೆ ಇಟ್ಟ ಹಣ ಹೋಯಿತು. ನಡುವೆ 100 ರೂಪಾಯಿ ಇರುವಾಗ ಎದುರಾಳಿಯು 50 ಕಟ್ಟಿದನೆನ್ನಿ. ನೀವು 50 ಕೊಟ್ಟರೆ 150ರ ಆಸೆ. ಇಂಥ ನಾಲ್ಕು ಪ್ರಸಂಗಗಳಲ್ಲಿ ಒಂದನ್ನು ಗೆದ್ದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅದಕ್ಕೂ ಕಡಿಮೆ ಗೆದ್ದರೆ ಕೈಗಂಟು ಕರಗುವದು. ಆಟದ ಜಾಣತನವೆಲ್ಲ ಈ ಲೆಕ್ಕದಲ್ಲಿದೆ.

ಆದರೆ ಲೆಕ್ಕಕ್ಕಿಂತ ಬಲವಾದುದೊಂದು ಇದೆ. 52 ಎಲೆಗಳಿಂದ ಐದೆಲೆಯ ಕೂಟಗಳು 25,98,960 ಆಗುವವು. ಇವುಗಳಲ್ಲಿ 13,02,540, ಅಂದರೆ ಅರ್ಧಕ್ಕಿಂತ ತುಸು ಹೆಚ್ಚು, ಏನೂ ಕೂಡದವು. ಸರ್ವಶ್ರೇಷ್ಠ ಕೂಟಗಳು ನಾಲ್ಕೇ ನಾಲ್ಕು. ತೀನ್ ಪತ್ತಿಯಲ್ಲಂತೂ 22,100 ಕೂಟಗಳಲ್ಲಿ 16,440 ಬರಿಗೈಯವೇ. ಹೀಗಿರಲು ಬರಿಗೈಯವನೂ ಪಣ ಏರಿಸಿ ಎದುರಾಳಿಯನ್ನು ಹೆದರಿಸಿ ಓಡಿಸಬಲ್ಲನು. ಪಣವೇರುತ್ತ ಹೋದಂತೆ ಕೈಯಲ್ಲಿಯ ಎಲೆಗಿಂತ ಗಂಟಿನ ಉದ್ದವೇ ಮಾತನಾಡತೊಡಗುವದು. ಗೋವಿನಜೋಳ ಮಾರಿದ ಹಣವನ್ನು ಕಿಸೆಯಲ್ಲಿಟ್ಟುಕೊಂಡು ಕುಳಿತ ಒಕ್ಕಲಿಗನಿಗೆ ಆ ಹಣವು ಮಗಳ ಶಾಲೆಯ ಶುಲ್ಕ, ಮುಂದಿನ ಬಿತ್ತನೆಯ ಬೀಜ. ಎದುರಿನ ಸಾಹುಕಾರನಿಗಾದರೋ ಅದು ಒಂದು ಸಂಜೆಯ ವಿನೋದ. ಇಬ್ಬರ ಅಂಜಿಕೆ ಒಂದೇ ತೂಕದ್ದಲ್ಲ. ಮೇಲಾಗಿ ಒಬ್ಬನು ಗೆದ್ದ ರೂಪಾಯಿ ಇನ್ನೊಬ್ಬನು ಸೋತದ್ದೇ ಸರಿ. ಆಡಿಸುವವನು ತನ್ನ ಪಾಲನ್ನು ತೆಗೆದ ಮೇಲೆ ಎಲ್ಲರ ಗಂಟೂ ಕೂಡಿ ಕಿರಿದಾಗುವದು.

ಧರ್ಮರಾಯನ ಕಥೆಯನ್ನು ನಾವು ಬಲ್ಲೆವು. ಅವನನ್ನು ಕೆಡಿಸಿದುದು ಮೊದಲ ಸೋಲಲ್ಲ, ಹೋದದ್ದನ್ನು ಮುಂದಿನ ಪಣದಲ್ಲಿ ಪಡೆಯುವೆನೆಂಬ ಆಸೆ. ಎಲೆಗಳಿಗೆ ಹಿಂದಿನ ಸೋಲಿನ ನೆನಪಿರುವದಿಲ್ಲ. ನೆನಪಿರುವದು ಸೋತವನಿಗೆ ಮಾತ್ರ.

ಕಾನೂನೂ ಈ ವಿಷಯವನ್ನು ತೂಗಿ ನೋಡಿದೆ. 1963ರ ಕರ್ನಾಟಕ ಪೊಲೀಸ್ ಕಾಯಿದೆಯು ಜೂಜಿನ ಮನೆ ನಡೆಸುವದನ್ನೂ ಅಲ್ಲಿ ಆಡುವದನ್ನೂ ಅಪರಾಧವೆನ್ನುತ್ತದೆ. ರಮ್ಮಿಯಲ್ಲಿ ಕೌಶಲ್ಯವೇ ಹೆಚ್ಚೆಂದೂ, ಮೂರೆಲೆಯಾಟವು ಬರಿಯ ಅದೃಷ್ಟದ್ದೆಂದೂ ಸುಪ್ರೀಂ ಕೋರ್ಟು 1967ರಲ್ಲಿ ಭೇದವೆಣಿಸಿತು. ಪೋಕರ್ ಯಾವ ಪಂಕ್ತಿಯದೆಂಬ ವಾದವು ಬಹುಕಾಲ ನಡೆಯಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು, ಕೌಶಲ್ಯವಿರಲಿ ಅದೃಷ್ಟವಿರಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳೆಲ್ಲವನ್ನೂ ನಿಷೇಧಿಸಿತು.

ಹಾಗೆಂದು ಎಲೆಗಳನ್ನೇ ಒಲೆಗೆ ಹಾಕಿರೆಂದು ನಾವು ಹೇಳುವದಿಲ್ಲ. ಹಬ್ಬದ ರಾತ್ರಿ ಮಕ್ಕಳೊಡನೆ ಜಮಖಾನೆಯ ಮೇಲೆ ಕುಳಿತು, ಒಬ್ಬೊಬ್ಬರಿಗೆ ಇಪ್ಪತ್ತು ಹುಣಸೆಬೀಜಗಳನ್ನು ಹಂಚಿ, ಅವನ್ನೇ ಪಣವಾಗಿಟ್ಟು ಆಡಿನೋಡಿರಿ. ಗಂಟೆಯೊಂದರಲ್ಲಿ ಯಾರ ಬೀಜಗಳು ಯಾರ ಮುಂದೆ ರಾಶಿಯಾದವು, ಬರಿಗೈಯಲ್ಲಿದ್ದು ಹೆದರಿಸಿದವರಾರು, ಸೋತ ಮೇಲೂ ಸಾಲ ಕೇಳಿದವರಾರು ಎಂಬುದನ್ನು ಮಕ್ಕಳೇ ಹೇಳುವರು. ಮನೆಯಲ್ಲಿ ಹುಣಸೆಬೀಜದಿಂದ ಕಲಿತ ಪಾಠವು ಹೊರಗೆ ಹೊಲವನ್ನು ಉಳಿಸಬಹುದು.